‘ಯಾವ ಕೋಣೆಯಲ್ಲಿ ಇರಲಿ, ಡಾಕ್ಟರೇ?’

ಕೋವಿಡ್‌ನ ಮೊದಲ ಅಲೆಯಲ್ಲಿ, ಸೋಂಕು ದೃಢಪಟ್ಟವರ ಕೈಗೆ ನಾವೊಂದು ಹಾಳೆ ಕೊಡುತ್ತಿದ್ದೆವು. ಹದಿನಾಲ್ಕು ದಿನ ಪ್ರತ್ಯೇಕ ಕೋಣೆಯಲ್ಲಿರಿ, ಪ್ರತ್ಯೇಕ ಶೌಚಾಲಯ ಬಳಸಿ, ಆಗಾಗ ಸೋಪು ಹಚ್ಚಿ ಕೈ ತೊಳೆಯಿರಿ, ಮನೆಯ ಹಿರಿಯರಿಂದ ದೂರವಿರಿ. ಕೆಳಗೆ ನನ್ನ ಸಹಿ. ಕಚೇರಿಗಳಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದ ಸುಮಾರು ನಲವತ್ತೈದರ ಮಹಿಳೆಯೊಬ್ಬರು ಆ ಹಾಳೆಯನ್ನು ಪೂರ್ತಿ ಓದಿ, ಮಡಚಿ ಕೈಯಲ್ಲಿ ಹಿಡಿದುಕೊಂಡು ಕೇಳಿದರು: “ಯಾವ ಕೋಣೆಯಲ್ಲಿ ಇರಲಿ, ಡಾಕ್ಟರೇ? ಇರುವುದೇ ಒಂದು.” ಆ ಒಂದು ಕೋಣೆಯಲ್ಲಿ ಆರು ಜನರಿದ್ದರು, ಅವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಅತ್ತೆ. ನನ್ನ ಬಳಿ ಉತ್ತರವಿರಲಿಲ್ಲ. “ಆದಷ್ಟು ದೂರ ಇರಿ ಅಮ್ಮ” ಎಂದು ಹೇಳಿ ಮುಂದಿನವರನ್ನು ಕರೆದೆ.

ರೋಗಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎನ್ನುವ ಮಾತನ್ನು ಆ ದಿನಗಳಲ್ಲಿ ಎಲ್ಲರೂ ಆಡಿದರು. ನಾನೂ ಆಡಿದ್ದೇನೆ. ವೈರಾಣುವಿಗೆ ಯಾರ ಗುರುತೂ ಇಲ್ಲ ಎಂಬುದು ನಿಜ. ಆದರೆ ಅದು ಯಾರನ್ನು ಮೊದಲು ತಲುಪುತ್ತದೆ, ಎಂಥ ದೇಹವನ್ನು ಹೊಗುತ್ತದೆ, ಆ ದೇಹ ವೈದ್ಯರ ಮುಂದೆ ಎಷ್ಟನೆಯ ದಿನ ಬಂದು ಕೂರುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ವೈರಾಣುವಲ್ಲ.

ಈ ತಪ್ಪು ತಿಳಿವಳಿಕೆ ಹಳೆಯದು. 1918ರ ಇನ್‌ಫ್ಲುಯೆಂಜಾ ಪಿಡುಗನ್ನು ಬಹುಕಾಲ ‘ಸಮಾಜದ ಎಲ್ಲರನ್ನೂ ಸಮಾನವಾಗಿ ಕಂಡ ರೋಗ’ ಎಂದೇ ನಂಬಲಾಗಿತ್ತು. ಸಾವಿನ ದಾಖಲೆಗಳನ್ನು ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಇಂದಿನ ಓಸ್ಲೊ, ಅಂದರೆ ಆಗಿನ ಕ್ರಿಸ್ಟಿಯಾನಿಯಾ ನಗರದಲ್ಲಿ, ಮನೆಯ ಕೋಣೆಗಳ ಸಂಖ್ಯೆ ಕಡಿಮೆಯಾದಂತೆ ಸಾವಿನ ಪ್ರಮಾಣ ಹೆಚ್ಚುತ್ತಿತ್ತು. ಅದೇ ವರ್ಷ ಬೊಂಬಾಯಿಯಲ್ಲಿ ಯುರೋಪಿಯನ್ನರು ಸಾವಿರಕ್ಕೆ ಸುಮಾರು 8ರಂತೆ ಸತ್ತರೆ, ಕೆಳಜಾತಿಗಳೆಂದು ದಾಖಲೆಯಲ್ಲಿ ಗುರುತಿಸಲಾದವರು ಸಾವಿರಕ್ಕೆ ಸುಮಾರು 61ರಂತೆ ಸತ್ತರು. ಊರು ಒಂದೇ, ತಿಂಗಳುಗಳೂ ಅವೇ. ದೇಶದೇಶಗಳ ನಡುವೆ ಹೋಲಿಸಿದರೆ ಆ ಪಿಡುಗಿನ ಸಾವಿನ ಪ್ರಮಾಣದಲ್ಲಿ ಮೂವತ್ತು ಪಟ್ಟಿಗೂ ಹೆಚ್ಚಿನ ಅಂತರವಿತ್ತೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಅಂತರದ ದೊಡ್ಡ ಪಾಲಿಗೆ ಅದು ಕಂಡ ಕಾರಣ ತಲಾ ಆದಾಯ. ಅಂಥದೇ ಪಿಡುಗು ಈಗ ಬಂದರೆ ಸಾಯುವವರಲ್ಲಿ ಶೇ 96ರಷ್ಟು ಮಂದಿ ಅಭಿವೃದ್ಧಿಶೀಲ ದೇಶಗಳವರೇ ಆಗಿರುತ್ತಾರೆ ಎಂದೂ ಅದು ಅಂದಾಜಿಸಿತ್ತು. ಕೋವಿಡ್ ಬರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಇದು ನಮ್ಮ ಕೈಯಲ್ಲಿತ್ತು.

ಮತ್ತೆ ಆ ಹಾಳೆಗೇ ಬರುತ್ತೇನೆ, ಏಕೆಂದರೆ ಅದರ ಒಂದೊಂದು ಸಾಲೂ ಏನನ್ನೋ ಇದೆಯೆಂದು ಊಹಿಸಿಕೊಂಡಿತ್ತು. ‘ಮನೆಯಲ್ಲಿರಿ’ ಎಂಬ ಸೂಚನೆ, ಮನೆಯಲ್ಲಿ ಕುಳಿತರೂ ಸಂಬಳ ಬರುತ್ತದೆಂದು ಊಹಿಸುತ್ತದೆ. ಜಗತ್ತಿನ ದುಡಿಯುವವರಲ್ಲಿ ಶೇ 60ಕ್ಕೂ ಹೆಚ್ಚು, ಅಂದರೆ ಸುಮಾರು 200 ಕೋಟಿ ಜನ, ಆಗ ಅಸಂಘಟಿತ ವಲಯದಲ್ಲಿದ್ದರು. ಅವರಲ್ಲಿ ಬಹುಪಾಲು ಮಂದಿಗೆ ಕಾಯಿಲೆ ರಜೆ ಎಂಬುದೇ ಇರಲಿಲ್ಲ. ಅಂದಿನ ದುಡಿಮೆ ಅಂದಿನ ಹೊಟ್ಟೆಗೆ. ‘ಕೈ ತೊಳೆಯಿರಿ’ ಎಂಬುದು ನಲ್ಲಿಯಲ್ಲಿ ನೀರಿದೆಯೆಂದು ಊಹಿಸುತ್ತದೆ. ಪಿಡುಗು ಶುರುವಾದಾಗ ಸುಮಾರು 300 ಕೋಟಿ ಜನರ ಮನೆಯಲ್ಲಿ ನೀರು ಮತ್ತು ಸೋಪು ಎರಡೂ ಇರುವ ಕೈ ತೊಳೆಯುವ ವ್ಯವಸ್ಥೆ ಇರಲಿಲ್ಲ ಎಂಬುದು ಆಗಿನ ಅಂದಾಜು. ‘ಪ್ರತ್ಯೇಕ ಶೌಚಾಲಯ’ದ ಮಾತಂತೂ ಕೇಳುವುದೇ ಬೇಡ. 2020ರ ಜುಲೈನಲ್ಲಿ ಮುಂಬೈಯ ಮೂರು ವಾರ್ಡ್‌ಗಳಲ್ಲಿ ನಡೆದ ಸೀರೋ ಸಮೀಕ್ಷೆಯಲ್ಲಿ, ಕೊಳೆಗೇರಿಗಳ ಶೇ 57ರಷ್ಟು ಜನರ ರಕ್ತದಲ್ಲಿ ಸೋಂಕು ಬಂದುಹೋದ ಗುರುತಿತ್ತು. ಅವೇ ವಾರ್ಡ್‌ಗಳ ಉಳಿದ ವಸತಿಗಳಲ್ಲಿ ಅದು ಶೇ 16. ಶೌಚಾಲಯಕ್ಕೆ ಸರದಿಯಲ್ಲಿ ನಿಲ್ಲಬೇಕಾದವರಿಗೆ ಅಂತರ ಕಾಯ್ದುಕೊಳ್ಳಿ ಎಂದರೆ ಅವರು ತಾನೇ ಏನು ಮಾಡಿಯಾರು?

ಸಿಂಗಪುರದ ಉದಾಹರಣೆಯನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇನೆ. ಶ್ರೀಮಂತ ದೇಶ, ಚುರುಕಾದ ಆಡಳಿತ, ಸೋಂಕಿತರ ಸಂಪರ್ಕ ಪತ್ತೆಯಲ್ಲಿ ಆರಂಭದಲ್ಲಿ ಜಗತ್ತಿಗೇ ಮಾದರಿ. ಆದರೂ 2020ರ ಕೊನೆಯ ಹೊತ್ತಿಗೆ ವಸತಿಗೃಹಗಳಲ್ಲಿದ್ದ ಸುಮಾರು 3.23 ಲಕ್ಷ ವಲಸೆ ಕಾರ್ಮಿಕರಲ್ಲಿ ಶೇ 47ರಷ್ಟು ಮಂದಿಗೆ ಸೋಂಕು ತಗುಲಿತ್ತು. ಮಂಚದ ಮೇಲೊಂದು ಮಂಚ, ಕೋಣೆಗೆ ಹತ್ತಾರು ಜನ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಒಂದು ಸ್ನಾನಗೃಹ. ವಸತಿಗೃಹದ ಗೋಡೆಯಾಚೆಗಿನ ಸಮುದಾಯದಲ್ಲಿ ಸೋಂಕು ತೀರಾ ವಿರಳವಾಗಿತ್ತು. ಇನ್ನೊಂದು ಮಾತನ್ನೂ ಸೇರಿಸಿ ಹೇಳದಿದ್ದರೆ ಈ ಉದಾಹರಣೆ ಅರ್ಧವೇ ಆಗುತ್ತದೆ. ಆ ಕಾರ್ಮಿಕರಲ್ಲಿ ಸಾವು ಬೆರಳೆಣಿಕೆಯಷ್ಟು. ಅವರು ಪ್ರಾಯದವರಾಗಿದ್ದರು, ಮೇಲಾಗಿ ಸೋಂಕು ಕಂಡ ಮೇಲೆ ಅವರಿಗೆ ವೈದ್ಯಕೀಯ ಆರೈಕೆ ಸಿಕ್ಕಿತು. ಸೋಂಕು ಹೊತ್ತಿಸಿದ್ದು ವಸತಿ, ಸಾವು ತಡೆದಿದ್ದರಲ್ಲಿ ಆರೈಕೆಗೂ ಪಾಲಿದೆ. ಎರಡೂ ಮನುಷ್ಯರು ಮಾಡಿದ ಏರ್ಪಾಡುಗಳೇ.

ಎಲ್ಲರ ದೇಹವೂ ಅಷ್ಟು ಗಟ್ಟಿಯಿರುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಶ್ವಾಸಕೋಶದ ಹಳೆಯ ತೊಂದರೆ ಇದ್ದವರಲ್ಲಿ ಕೋವಿಡ್ ಉಲ್ಬಣಿಸುತ್ತದೆ ಎಂಬುದು ಬೇಗನೆ ಗೊತ್ತಾಯಿತು. ಈ ಕಾಯಿಲೆಗಳು ಯಾರಿಗೆ, ಯಾವ ವಯಸ್ಸಿನಲ್ಲಿ ಬರುತ್ತವೆ ಎಂದು ಕೇಳಿದವರು ಕಡಿಮೆ. ಒಬ್ಬರಲ್ಲೇ ಹಲವು ದೀರ್ಘಕಾಲದ ಕಾಯಿಲೆಗಳು ಸೇರಿಕೊಳ್ಳುವ ಸ್ಥಿತಿ, ತೀರಾ ಬಡ ಪ್ರದೇಶಗಳಲ್ಲಿ ಶ್ರೀಮಂತ ಪ್ರದೇಶಗಳಿಗಿಂತ ಹತ್ತರಿಂದ ಹದಿನೈದು ವರ್ಷ ಮೊದಲೇ ಶುರುವಾಗುತ್ತದೆ ಎಂದು ಸ್ಕಾಟ್ಲೆಂಡ್‌ನ ಅಧ್ಯಯನವೊಂದು 2012ರಲ್ಲಿ ತೋರಿಸಿಕೊಟ್ಟಿದೆ. ಎಲ್ಲರಿಗೂ ಉಚಿತ ಚಿಕಿತ್ಸೆ ಇರುವ ನಾಡಿನಲ್ಲಿಯೇ ಹೀಗೆ! ವಯಸ್ಸು ಐವತ್ತಾದರೂ ದೇಹಕ್ಕೆ ಆಗಲೇ ಅರವತ್ತೈದು. ಹೊಗೆಯಲ್ಲಿ ಬೆಂದ ಶ್ವಾಸಕೋಶ, ರಾತ್ರಿ ಪಾಳಿಯ ನಿದ್ರೆಗೇಡು, ನಾಳೆ ಹೇಗೋ ಎಂಬ ಮುಗಿಯದ ಆತಂಕ, ತಪಾಸಣೆಯನ್ನೇ ಕಾಣದ ರಕ್ತದೊತ್ತಡ, ಇವೆಲ್ಲ ಮೂವತ್ತು ವರ್ಷ ಸದ್ದಿಲ್ಲದೆ ಸವೆಸಿದ ದೇಹವನ್ನು ವೈರಾಣು ಒಂದು ವಾರದಲ್ಲಿ ಕೆಡವುತ್ತದೆ. ಇಂಗ್ಲೆಂಡಿನಲ್ಲಿ 2020ರ ಮಾರ್ಚ್ 1ರಿಂದ ಏಪ್ರಿಲ್ 17ರವರೆಗೆ ತೀರಾ ಹಿಂದುಳಿದ ಪ್ರದೇಶಗಳಲ್ಲಿ ಲಕ್ಷಕ್ಕೆ ಸುಮಾರು 55 ಮಂದಿ ಕೋವಿಡ್‌ನಿಂದ ಸತ್ತರು, ಅನುಕೂಲಸ್ಥ ಪ್ರದೇಶಗಳಲ್ಲಿ ಸುಮಾರು 25. ವಯಸ್ಸಿನ ವ್ಯತ್ಯಾಸವನ್ನು ಸರಿಹೊಂದಿಸಿದ ಮೇಲಿನ ಲೆಕ್ಕ ಇದು.

ಇನ್ನು ‘ತಡವಾಗಿ ಬಂದರು’ ಎಂಬ ಮಾತು. ನಮ್ಮ ರೋಗಿ ಕಡತಗಳಲ್ಲಿ ಇಷ್ಟು ಸಲೀಸಾಗಿ ಬರೆಯುವ ಇನ್ನೊಂದು ವಾಕ್ಯವಿಲ್ಲ. ನಾನು ಮೇಲೆ ಹೇಳಿದ ಮಹಿಳೆಯೂ ಜ್ವರ ಬಂದ ಆರನೆಯ ದಿನ ಬಂದವರು. ಏಕೆಂದು ಕೇಳಿದಾಗ ಅವರು ಹೇಳಿದ್ದನ್ನು ನಾನು ಮರೆಯಲಾರೆ. “ಪರೀಕ್ಷೆ ಮಾಡಿಸದಿದ್ದರೆ ಇದು ಬರೀ ಜ್ವರ. ಮಾಡಿಸಿದರೆ ಕೆಲಸ ಹೋಗುತ್ತದೆ.” ಅವರಿಗೆ ತಿಳಿವಳಿಕೆ ಇರಲಿಲ್ಲ ಎಂದು ಹೇಗೆ ಹೇಳುವುದು? ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದರು. ಜಾಗೃತಿ ಮೂಡಿಸಬೇಕು, ಜಾಗೃತಿ ಮೂಡಿಸಬೇಕು ಎಂದು ನಾವು ಹೇಳುತ್ತಲೇ ಇರುತ್ತೇವೆ. ಎಷ್ಟೋ ಸಲ ಅವರಿಗೆ ಎಲ್ಲವೂ ಗೊತ್ತಿರುತ್ತದೆ, ಆಯ್ಕೆ ಮಾತ್ರ ಇರುವುದಿಲ್ಲ. ಚಿಕಿತ್ಸೆಯ ಅಗತ್ಯ ಹೆಚ್ಚಿದ್ದಲ್ಲೇ ಒಳ್ಳೆಯ ಚಿಕಿತ್ಸೆ ಸಿಗುವುದು ಕಡಿಮೆ ಎಂಬ ‘ವಿಲೋಮ ಆರೈಕೆ ನಿಯಮ’ವನ್ನು ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಮುಂದಿಟ್ಟಿದ್ದರು. ಮಾರುಕಟ್ಟೆಯ ಕೈಗೆ ಬಿಟ್ಟಷ್ಟೂ ಈ ನಿಯಮ ಬಿಗಿಯಾಗುತ್ತದೆ ಎಂದೂ ಅವರು ಎಚ್ಚರಿಸಿದ್ದರು.

ಆಸ್ಪತ್ರೆಯ ಒಳಗೆ ಬಂದ ಮೇಲಾದರೂ ಎಲ್ಲರೂ ಸಮಾನರೇ? ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಈಗ ಎಲ್ಲರಿಗೂ ಪರಿಚಿತ. ಅದು ಕೆಂಪು ಬೆಳಕನ್ನೂ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ರಕ್ತ ಎಷ್ಟು ಬೆಳಕನ್ನು ಹೀರಿತು ಎಂಬುದರಿಂದ ಆಮ್ಲಜನಕದ ಮಟ್ಟವನ್ನು ಅಂದಾಜಿಸುತ್ತದೆ. ಆದರೆ ಚರ್ಮದ ಕಪ್ಪು ವರ್ಣಕವಾದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಆಸ್ಪತ್ರೆಗಳ ದತ್ತಾಂಶ ಪ್ರಕಟವಾಯಿತು. ಯಂತ್ರ ಶೇ 92ರಿಂದ 96 ಎಂದು ತೋರಿಸುತ್ತಿದ್ದಾಗ, ಅಪಧಮನಿಯ ರಕ್ತವನ್ನೇ ತೆಗೆದು ಪರೀಕ್ಷಿಸಿದರೆ ಆಮ್ಲಜನಕ ಶೇ 88ಕ್ಕಿಂತ ಕೆಳಗಿದ್ದುದು ಬಿಳಿಯ ರೋಗಿಗಳ ಶೇ 3.6ರಷ್ಟು ಅಳತೆಗಳಲ್ಲಿ, ಕಪ್ಪು ರೋಗಿಗಳ ಶೇ 11.7ರಷ್ಟು ಅಳತೆಗಳಲ್ಲಿ. ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಆ ಲೇಖನ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಎಷ್ಟೋ ಬೆರಳುಗಳಿಗೆ ಆ ಯಂತ್ರ ತೊಡಿಸಿ, 94 ಕಂಡರೆ ‘ಮನೆಗೆ ಹೋಗಬಹುದು’ ಎಂದಿದ್ದೆ. ಆ ಯಂತ್ರ ಮಾಡಿದವರಲ್ಲಿ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಯಾರ ಬೆರಳುಗಳನ್ನು ಮುಂದಿಟ್ಟುಕೊಂಡು ಅದನ್ನು ಸರಿಹೊಂದಿಸಿದರು ಎಂಬುದಷ್ಟೇ ಪ್ರಶ್ನೆ.

ಲಸಿಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 2021ರ ಜನವರಿ 18ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕ ಟೆಡ್ರೋಸ್ ಅವರು ಕೊಟ್ಟ ಲೆಕ್ಕ ಸಾಕು: ಕನಿಷ್ಠ 49 ಶ್ರೀಮಂತ ದೇಶಗಳಲ್ಲಿ 3.9 ಕೋಟಿಗೂ ಹೆಚ್ಚು ಡೋಸ್, ತೀರಾ ಬಡ ದೇಶಗಳ ಪೈಕಿ ಒಂದರಲ್ಲಿ 25 ಡೋಸ್. ಲಕ್ಷವಲ್ಲ, ಸಾವಿರವೂ ಅಲ್ಲ, ಇಪ್ಪತ್ತೈದು.

ಪಿಡುಗಿನ ಏಟು ಪಿಡುಗಿನಿಂದಲೇ ಬೀಳಬೇಕೆಂದೂ ಇಲ್ಲ. ಆಸ್ಪತ್ರೆಗಳು ಕೋವಿಡ್‌ನತ್ತ ತಿರುಗಿದಾಗ, ಹೊಸದಾಗಿ ಪತ್ತೆಯಾದ ಕ್ಷಯರೋಗಿಗಳ ಸಂಖ್ಯೆ ಜಗತ್ತಿನಲ್ಲಿ 2019ರ 71 ಲಕ್ಷದಿಂದ 2020ರಲ್ಲಿ 58 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾಗಿರಲಿಲ್ಲ, ಹುಡುಕುವವರು ಕಡಿಮೆಯಾಗಿದ್ದರು. ಕ್ಷಯದ ಸಾವುಗಳು ಒಂದು ದಶಕಕ್ಕೂ ಹೆಚ್ಚು ಕಾಲದ ನಂತರ ಮೊದಲ ಬಾರಿಗೆ ಏರಿದವು. ಕ್ಷಯ ಯಾರ ಮನೆಯ ರೋಗವೆಂದು ಬಿಡಿಸಿ ಹೇಳಬೇಕೆ?

ಹಾಗಾದರೆ ವೈದ್ಯರು ಮಾಡುವುದೇನು, ಬಡತನಕ್ಕೆ ಮಾತ್ರೆ ಇದೆಯೇ ಎಂದು ಕಿರಿಯ ವೈದ್ಯರು ಕೇಳುತ್ತಾರೆ. 1848ರಲ್ಲಿ ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ, ಹೇನಿನಿಂದ ಹರಡುವ ಟೈಫಸ್ ಜ್ವರದ ಹಾವಳಿಯ ತನಿಖೆಗೆಂದು ಮೇಲಿನ ಸೈಲೀಸಿಯಾ ಪ್ರಾಂತ್ಯಕ್ಕೆ ಕಳುಹಿಸಿದ ವೈದ್ಯ ರುಡಾಲ್ಫ್ ವಿರ್ಚೋ ಅವರಿಗೆ ಆಗ ಇಪ್ಪತ್ತಾರು ವರ್ಷ. ಮದ್ದಿನ ಪಟ್ಟಿ ನಿರೀಕ್ಷಿಸಿದ್ದ ಸರ್ಕಾರಕ್ಕೆ ಅವರು ಶಿಕ್ಷಣ, ಸ್ವಾತಂತ್ರ್ಯ, ಏಳಿಗೆ ಮತ್ತು ಪೂರ್ಣ ಪ್ರಜಾಪ್ರಭುತ್ವ ಬೇಕೆಂದು ಬರೆದುಕೊಟ್ಟರು. ಅಷ್ಟು ದೂರ ಹೋಗದೆಯೂ ಆಗುವ ಕೆಲಸಗಳಿವೆ. ಅಮೆರಿಕದಲ್ಲಿ 2020ರ ಮಾರ್ಚ್‌ನಲ್ಲಿ ತಂದ ತುರ್ತು ಕಾನೂನಿನಿಂದ ವೇತನಸಹಿತ ಕಾಯಿಲೆ ರಜೆ ಹೊಸದಾಗಿ ಸಿಕ್ಕ ರಾಜ್ಯಗಳಲ್ಲಿ, ರಾಜ್ಯವೊಂದಕ್ಕೆ ದಿನಕ್ಕೆ ಸುಮಾರು 400 ಪ್ರಕರಣಗಳು ಕಡಿಮೆಯಾದವೆಂದು ಸಂಶೋಧಕರು ಲೆಕ್ಕ ಹಾಕಿದರು. ರಜೆಯೂ ಒಂದು ಔಷಧ ಎಂದು ನಾನು ಅಕ್ಷರಶಃ ನಂಬುತ್ತೇನೆ.

ಆ ಮಹಿಳೆ ಗುಣಮುಖರಾದರು. ಅವರ ಅತ್ತೆ ಒಂಬತ್ತನೆಯ ದಿನ ನಮ್ಮ ವಾರ್ಡಿನಲ್ಲಿ ತೀರಿಕೊಂಡರು. ಮರಣ ಪ್ರಮಾಣಪತ್ರದಲ್ಲಿ ತಕ್ಷಣದ ಕಾರಣ ಉಸಿರಾಟದ ವೈಫಲ್ಯ, ಅದಕ್ಕೆ ಕಾರಣ ನ್ಯುಮೋನಿಯಾ, ಮೂಲ ಕಾರಣ ಕೋವಿಡ್ ಎಂದು ನಾನೇ ಬರೆದೆ. ಸೊಸೆಯ ಕಡತದಲ್ಲಿ ‘ಪ್ರತ್ಯೇಕವಾಸದ ಸಲಹೆ ಪಾಲಿಸಿಲ್ಲ’ ಎಂದು ಯಾರೋ ಬರೆದಿದ್ದರು. ಅದನ್ನು ನಾನು ಹೊಡೆದುಹಾಕಿದೆ.

ಎರಡನೆಯ ಅಲೆಯ ಹೊತ್ತಿಗೆ ಹಾಳೆಯನ್ನು ತಿದ್ದಿದೆವು. ಅದರ ಮೊದಲ ಸಾಲೇ ಪ್ರಶ್ನೆಯಾಯಿತು: ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಜನ? ಕೋಣೆ ಒಂದೇ ಆದರೆ ಊಟ, ಹಾಸಿಗೆ ಇರುವ ಆರೈಕೆ ಕೇಂದ್ರದಲ್ಲಿ ಜಾಗ ಕಾದಿರಿಸಿ, ಯಾರನ್ನು ಕಾಣಬೇಕೆಂದು ಹೆಸರು ಬರೆದುಕೊಡುತ್ತಿದ್ದೆವು. ಹೋಗಲು ಒಲ್ಲದವರಿಗೆ ಕಿಟಕಿಯ ಪಕ್ಕ ಮಲಗುವುದು, ಒಳಗೂ ಎಲ್ಲರೂ ಮಾಸ್ಕ್ ಧರಿಸುವುದು, ವಯಸ್ಸಾದವರನ್ನು ಸೋಂಕಿಲ್ಲದ ನೆಂಟರ ಮನೆಗೆ ಕಳುಹಿಸುವುದು ಹೇಗೆಂದು ಹೇಳಿಕೊಡುತ್ತಿದ್ದೆವು. ಹಾಳೆಯ ಹಿಂಬದಿಯಲ್ಲಿ ಕೆಲಸ ಕೊಟ್ಟವರಿಗೆ ತೋರಿಸಲು ರಜೆಯ ಶಿಫಾರಸು ಇತ್ತು. ಅದರಲ್ಲಿ ದಿನಗಳ ಸಂಖ್ಯೆ ಇರುತ್ತಿತ್ತು, ರೋಗದ ಹೆಸರು ಇರುತ್ತಿರಲಿಲ್ಲ, ಏಕೆಂದರೆ ಆ ಹೆಸರಿನಿಂದಲೇ ಕೆಲಸ ಕಳೆದುಕೊಂಡವರನ್ನು ಕಂಡಿದ್ದೆವು. ಅದನ್ನು ತುಂಬಿಸಲು ಎರಡು ನಿಮಿಷ ಬೇಕಾಗುತ್ತಿತ್ತು. ಮೊದಲ ಅಲೆಯಲ್ಲಿ ನಾನು ಅದನ್ನು ಒಬ್ಬರಿಗೂ ಬರೆದುಕೊಟ್ಟಿರಲಿಲ್ಲ.