ಸ್ಪ್ಯಾಡ್: ಕೆಂಪು ಸಿಗ್ನಲ್ ದಾಟಿದ ರೈಲಿನ ತನಿಖೆ

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವುದು ಒಂಟಿ ಹಳಿಯ ಮಾರ್ಗ. ಎದುರಿನ ಗಾಡಿಗೆ ದಾರಿ ಬಿಡಲು ನಡುವಿನ ನಿಲ್ದಾಣದಲ್ಲಿ ಕಾಯಬೇಕಾಗುತ್ತದೆ; ‘ಕ್ರಾಸಿಂಗ್ ಇದೆ’ ಎಂಬ ಮಾತು ಈ ಕಡೆಯ ಪ್ರಯಾಣಿಕರಿಗೆ ಹೊಸದಲ್ಲ. ಹಾಗೆ ಕಾಯಿಸುವ ಕೆಂಪು ಸಿಗ್ನಲನ್ನು ಅನುಮತಿಯಿಲ್ಲದೆ ದಾಟಿದರೆ ರೈಲ್ವೆಯವರು ಅದನ್ನು ಸ್ಪ್ಯಾಡ್ ಎನ್ನುತ್ತಾರೆ. ‘ಸಿಗ್ನಲ್ ಪಾಸ್ಡ್ ಅಟ್ ಡೇಂಜರ್’ ಎಂಬುದರ ಗಿಡ್ಡ ರೂಪವಿದು. ದಾಟಿದ್ದು ಎರಡೇ ಮೀಟರ್ ಆಗಿರಲಿ, ಯಾರಿಗೂ ಏನೂ ಆಗದಿರಲಿ, ಅದು ಸ್ಪ್ಯಾಡೇ.

ದಾಟಿದೊಡನೆ ಡಿಕ್ಕಿಯಾಗಿಬಿಡುವುದಿಲ್ಲ. ಬಣ್ಣದ ದೀಪಗಳ ಬಹುಸೂಚಕ ಸಿಗ್ನಲ್ ಇರುವಲ್ಲಿ, ಗಾಡಿಯನ್ನು ನಿಲ್ದಾಣಕ್ಕೆ ಬಿಟ್ಟುಕೊಳ್ಳುವ ಮುನ್ನ ಅದು ನಿಲ್ಲಬೇಕಾದ ಸಿಗ್ನಲಿನ ಆಚೆಗೂ ಕನಿಷ್ಠ 120 ಮೀಟರ್ ಹಳಿ ಖಾಲಿ ಇರಬೇಕು. ಇದು ಓವರ್‌ಲ್ಯಾಪ್. ಅದೂ ಮುಗಿದರೆ ಅಪಘಾತ.

ನಿಧಾನಗತಿಯ ಡಿಕ್ಕಿ ಎಂದರೆ ಹಗುರವಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: 1000 ಟನ್ನಿನ ರೈಲು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿದ್ದರೂ ಅದರ ಚಲನಶಕ್ತಿ, 150 ಕಿಲೋಮೀಟರ್ ವೇಗದಲ್ಲಿ ಓಡುವ 10 ಟನ್ನಿನ ಲಾರಿಯದಕ್ಕೆ ಸಮ. ಬೋಗಿಯಲ್ಲಿ ಬ್ಯಾಗು ಇಳಿಸುತ್ತ ನಿಂತವರು ಬೀಳಲು ಇದರ ಸಣ್ಣ ಪಾಲು ಸಾಕು.

ಇಂಥ ಡಿಕ್ಕಿಗಳಿಗೆ ಕೆಲವು ಪರಿಚಿತ ದಾರಿಗಳಿವೆ. ಹೊರಡುವ ಸಮಯವಾಗಿದೆ, ಹಿಂದಿನಿಂದ ಟ್ರೈನ್ ಮ್ಯಾನೇಜರ್ (ಹಿಂದೆ ಗಾರ್ಡ್ ಎನ್ನುತ್ತಿದ್ದವರು) ಹಸಿರು ಬಾವುಟ ತೋರಿಸಿದ್ದಾರೆ. ಲೋಕೋ ಪೈಲಟ್ ಅದನ್ನೇ ನಂಬಿ, ಮುಂದಿನ ಸ್ಟಾರ್ಟರ್, ಅಂದರೆ ನಿಲ್ದಾಣದಿಂದ ಹೊರಡಲು ಅನುಮತಿ ಕೊಡುವ ಸಿಗ್ನಲ್ ಕೆಂಪಾಗಿಯೇ ಇರುವುದನ್ನು ಗಮನಿಸದೆ ಹೊರಟುಬಿಡುತ್ತಾರೆ. ಪಕ್ಕದ ಹಳಿಯ ಹಸಿರನ್ನು ತಮ್ಮದೆಂದುಕೊಳ್ಳುವುದು ಇನ್ನೊಂದು. ದಿನವೂ ಎಚ್ಚರಿಕೆಯ ಹಳದಿಯ ನಂತರ ಹಸಿರನ್ನೇ ಕಂಡ ಕಣ್ಣು, ಇಂದೂ ಹಸಿರೇ ಎಂದು ಮುಂಚೆಯೇ ತೀರ್ಮಾನಿಸುವುದು ಮತ್ತೊಂದು. ಮಲೆನಾಡಿನ ಮಳೆಗಾಲ ಇದಕ್ಕೆ ತನ್ನದನ್ನೂ ಸೇರಿಸುತ್ತದೆ: ಒದ್ದೆ ಹಳಿಯ ಮೇಲೆ ಚಕ್ರ ಜಾರುತ್ತದೆ, ತಿರುವಿನಲ್ಲಿ ಬೆಳೆದ ಕೊಂಬೆ ಸಿಗ್ನಲನ್ನು ಮರೆಮಾಡುತ್ತದೆ.

ತನಿಖೆ ಶುರುವಾಗುವುದು ಯಂತ್ರಗಳ ಸಾಕ್ಷ್ಯದಿಂದ. ಎಂಜಿನ್ನಿನ ವೇಗಮಾಪಕ ಯಾವ ಕ್ಷಣದಲ್ಲಿ ಎಷ್ಟು ವೇಗವಿತ್ತೆಂದು ದಾಖಲಿಸಿರುತ್ತದೆ. ನಿಲ್ದಾಣದ ಡೇಟಾ ಲಾಗರ್ ಸಿಗ್ನಲ್ ಯಾವಾಗ ಯಾವ ಬಣ್ಣದಲ್ಲಿತ್ತು ಎಂದು ಹೇಳುತ್ತದೆ. ಎರಡರ ಗಡಿಯಾರಗಳು ತಾಳೆಯಾಗುತ್ತವೆಯೇ ಎಂದೂ ನೋಡಬೇಕು. ಕೆಲವು ಸೆಕೆಂಡುಗಳ ವ್ಯತ್ಯಾಸವೂ ಕಥೆಯನ್ನು ತಿರುವುಮುರುವು ಮಾಡಬಲ್ಲದು. ಬ್ರೇಕ್ ಹಿಡಿ ಯಾವ ಸ್ಥಾನದಲ್ಲಿತ್ತು, ಹಳಿಯ ಮೇಲೆ ಜಾರಿದ ಗುರುತಿದೆಯೇ, ಸಿಗ್ನಲ್ ಎಷ್ಟು ದೂರದಿಂದ ಕಾಣುತ್ತದೆ ಎಂಬುದರ ಅಳತೆ ಆಮೇಲೆ. ನಂತರ ಮನುಷ್ಯರು: ಎಷ್ಟು ಗಂಟೆ ಡ್ಯೂಟಿ, ಅದಕ್ಕೂ ಮುನ್ನ ನಿದ್ದೆ ಸಿಕ್ಕಿತ್ತೇ, ಈ ಮಾರ್ಗದ ಪರಿಚಯವಿತ್ತೇ, ಉಸಿರಿನ ಪರೀಕ್ಷೆ ಏನು ಹೇಳುತ್ತದೆ, ಮೊಬೈಲ್ ಬಳಕೆಯಲ್ಲಿತ್ತೇ.

ಪ್ರಯಾಣಿಕರ ರೈಲಿನಲ್ಲಿ ಸಾವು ಅಥವಾ ತೀವ್ರ ಗಾಯವಾದರೆ 1989ರ ರೈಲ್ವೆ ಕಾಯ್ದೆಯಡಿ ರೈಲ್ವೆ ಸುರಕ್ಷತಾ ಆಯುಕ್ತರು ವಿಚಾರಣೆ ನಡೆಸುತ್ತಾರೆ. ಇವರು ಬರುವುದು ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ. ವಿಚಿತ್ರವೆನಿಸಬಹುದು, ಆದರೆ ರೈಲ್ವೆಯ ತಪ್ಪನ್ನು ರೈಲ್ವೆಯೇ ತೂಗಬಾರದೆಂಬುದು ಅದರ ತರ್ಕ. ಸಣ್ಣ ಡಿಕ್ಕಿಗಳು ಸಾಮಾನ್ಯವಾಗಿ ಇಲಾಖೆಯ ವಿಚಾರಣೆಯಲ್ಲೇ ಮುಗಿಯುತ್ತವೆ.

‘ಸಿಬ್ಬಂದಿಯ ತಪ್ಪು’ ಎಂದು ಪತ್ರಿಕೆಯಲ್ಲಿ ಒಂದು ಸಾಲು ಬಂದರೆ ನಮಗೆ ವಿಷಯ ಇತ್ಯರ್ಥವಾದಂತೆ. ನನಗೆ ಅದು ಅರ್ಧ ಉತ್ತರ. ಎಂಜಿನ್ನಿನಲ್ಲಿ ಇಬ್ಬರಿರುತ್ತಾರೆ, ಪ್ರತಿ ಸಿಗ್ನಲ್ಲಿನ ಬಣ್ಣವನ್ನು ಒಬ್ಬರು ಕೂಗಿ ಹೇಳಿದರೆ ಇನ್ನೊಬ್ಬರು ಪುನರುಚ್ಚರಿಸಬೇಕು. ಲೋಕೋ ಪೈಲಟ್ ನಿಲ್ಲಿಸದಿದ್ದರೆ ಸಹಾಯಕರೇ ತುರ್ತು ಬ್ರೇಕ್ ಹಾಕಬಹುದು. ಹಾಗಿದ್ದೂ ಗಾಡಿ ಕೆಂಪನ್ನು ದಾಟಿತೆಂದರೆ ಎರಡನೆಯವರೂ ನೋಡಲಿಲ್ಲವೇ, ನೋಡಿಯೂ ಹಿರಿಯರ ಮುಂದೆ ಬಾಯಿ ಬಿಡಲು ಹಿಂಜರಿದರೇ, ಅಥವಾ ಕೂಗುವುದು ಬರಿಯ ಬಾಯಿಪಾಠವಾಗಿ ಹೋಗಿತ್ತೇ? ಒಬ್ಬರನ್ನು ಅಮಾನತು ಮಾಡಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನೌಕರಿ ಹೋಗುವ ಭಯವಿದ್ದಾಗ ನಿಜ ಹೇಳುವವರೂ ಕಡಿಮೆಯಾಗುತ್ತಾರೆ.

ಈಗ ಕವಚ ಎಂಬ ಸ್ವಯಂಚಾಲಿತ ವ್ಯವಸ್ಥೆ ಬಂದಿದೆ. ಕೆಂಪಿನತ್ತ ಗಾಡಿ ನುಗ್ಗುತ್ತಿದ್ದು ಲೋಕೋ ಪೈಲಟ್ ಏನೂ ಮಾಡದಿದ್ದರೆ ಅದೇ ಬ್ರೇಕ್ ಹಾಕುತ್ತದೆ. ಆದರೆ ಎಂಜಿನ್ನಿನಲ್ಲೂ ಹಳಿಯ ಬದಿಯಲ್ಲೂ, ಎರಡು ಕಡೆಯೂ ಅದರ ಉಪಕರಣಗಳು ಇದ್ದಾಗ ಮಾತ್ರ.