ಏಳು ವರ್ಷವೆಂದರೆ ಎಷ್ಟು ವರ್ಷ?

ಅಮೆರಿಕದಲ್ಲಿ ಗಾಯಕರಿಗೂ ಧ್ವನಿಮುದ್ರಣ ಕಂಪನಿಗಳಿಗೂ ಕರಾರಿನ ಜಗಳ ಎದ್ದಾಗಲೆಲ್ಲ ‘ಡಿ ಹ್ಯಾವಿಲೆಂಡ್ ಕಾನೂನು’ ಎಂಬ ಮಾತು ಕೇಳಿಬರುತ್ತದೆ. ಆ ಹೆಸರು ಯಾವ ಶಾಸಕರದ್ದೂ ಅಲ್ಲ. 1916ರಲ್ಲಿ ಟೋಕಿಯೊದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಚಿತ್ರನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಅವರದು.

ಕಾನೂನು ಮಾತ್ರ ಆಕೆಗಿಂತ ಹಳೆಯದು. ಒಬ್ಬರನ್ನು ಸೇವೆಯ ಕರಾರಿಗೆ ಕಟ್ಟಿಹಾಕಬಹುದಾದ ಗರಿಷ್ಠ ಅವಧಿಯನ್ನು 1872ರಲ್ಲಿ ಎರಡು ವರ್ಷವೆಂದು ಗೊತ್ತುಮಾಡಿದ್ದ ಕ್ಯಾಲಿಫೋರ್ನಿಯಾ, 1919ರಲ್ಲಿ ಅದನ್ನು ಐದಕ್ಕೂ 1931ರಲ್ಲಿ ಏಳಕ್ಕೂ ಏರಿಸಿತು. ಚಿತ್ರೋದ್ಯಮ ಬೆಳೆದ ವರ್ಷಗಳಲ್ಲೇ ಈ ಅವಧಿಯೂ ಬೆಳೆಯಿತೆಂಬುದು ಗಮನಾರ್ಹ.

ನಟರು ನಿರ್ಮಾಪಕರಿಗೆ ಕಾಲ್‌ಶೀಟ್ ಕೊಡುವುದನ್ನು ಕಂಡ ನಮಗೆ ಅಂದಿನ ಹಾಲಿವುಡ್‌ನ ಏರ್ಪಾಡು ವಿಚಿತ್ರವೆನಿಸಬಹುದು. ಅಲ್ಲಿ ತಾರೆಯರೂ ಸ್ಟುಡಿಯೊದ ಸಂಬಳದ ನೌಕರರೇ. ಕೊಟ್ಟ ಪಾತ್ರವನ್ನು ಒಲ್ಲೆನೆಂದರೆ ಅಮಾನತು. ಆ ದಿನಗಳಿಗೆ ಸಂಬಳವಿಲ್ಲ, ಆದರೆ ಅಷ್ಟೂ ದಿನಗಳು ಕರಾರಿನ ಬಾಲಕ್ಕೆ ಸೇರಿಕೊಳ್ಳುತ್ತಿದ್ದವು. ಇಲ್ಲವೆನ್ನುವ ಪ್ರತಿಯೊಂದು ಸಲವೂ ಬಿಡುಗಡೆ ಇನ್ನಷ್ಟು ದೂರ. ಡಿ ಹ್ಯಾವಿಲೆಂಡ್ ಅವರಿಗೆ ಹೆಸರು ತಂದ ‘ಗಾನ್ ವಿತ್ ದಿ ವಿಂಡ್’ (1939) ಚಿತ್ರದ ಮೆಲನಿ ಪಾತ್ರವೂ ವಾರ್ನರ್ ಸ್ಟುಡಿಯೊ ಆಕೆಯನ್ನು ಬೇರೆ ನಿರ್ಮಾಪಕರಿಗೆ ಎರವಲು ಕೊಟ್ಟಿದ್ದರಿಂದ ದಕ್ಕಿದ್ದು. ತಿರುಗಿ ಬಂದವರ ಮುಂದೆ ಮತ್ತೆ ನಾಯಕನ ಪ್ರೇಯಸಿಯ ಸಪ್ಪೆ ಪಾತ್ರಗಳೇ ಬಂದವು. ಆಕೆ ನಿರಾಕರಿಸುತ್ತ ಹೋದರು. 1943ರಲ್ಲಿ ಏಳು ವರ್ಷ ತುಂಬಿದಾಗ, ಅಮಾನತಿನ ಸುಮಾರು 25 ವಾರ ಇನ್ನೂ ಬಾಕಿಯಿದೆ ಎಂಬ ಲೆಕ್ಕ ಎದುರಾಯಿತು.

ಅದೇ ಸ್ಟುಡಿಯೊದ ನಟಿ ಬೆಟ್ಟಿ ಡೇವಿಸ್ ಇಂಥದೇ ಕರಾರಿನ ಜಗಳದಲ್ಲಿ 1936ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಸೋತದ್ದು ಎಲ್ಲರಿಗೂ ನೆನಪಿತ್ತು. ಆದರೂ ವಕೀಲ ಮಾರ್ಟಿನ್ ಗ್ಯಾಂಗ್ ಅವರ ಸಲಹೆಯಂತೆ ಆಕೆ ಆಗಸ್ಟ್‌ನಲ್ಲಿ ದಾವೆ ಹೂಡಿದರು. ಏಳು ವರ್ಷವೆಂದರೆ ದುಡಿದ ಏಳು ವರ್ಷ ಎಂದು ಸ್ಟುಡಿಯೊ ವಾದಿಸಿದರೆ, ಕ್ಯಾಲೆಂಡರಿನ ಏಳು ವರ್ಷ ಎಂಬುದು ಆಕೆಯ ಪಕ್ಷದ ನೇರ ವಾದ. ಪ್ರಕರಣ ಮುಗಿಯುವವರೆಗೆ ಬೇರೆ ಯಾವ ಸ್ಟುಡಿಯೊವೂ ಕೆಲಸ ಕೊಡಲಿಲ್ಲ. ಆಕೆ ಸೇನಾ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರನ್ನು ಭೇಟಿಯಾಗುತ್ತ ತಿರುಗಿದರು. 1944ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಕ್ಯಾಲೆಂಡರಿನ ಲೆಕ್ಕವನ್ನೇ ಎತ್ತಿಹಿಡಿಯಿತು. ಮರಳಿ ಬಂದ ನಟಿಗೆ ‘ಟು ಈಚ್ ಹಿಸ್ ಓನ್’ (1946) ಮತ್ತು ‘ದಿ ಏರೆಸ್’ (1949) ಚಿತ್ರಗಳು ಶ್ರೇಷ್ಠ ನಟಿ ಆಸ್ಕರ್ ತಂದವು.

ತಕರಾರು ಅಲ್ಲಿಗೆ ತೀರಲಿಲ್ಲ. ಏಳು ವರ್ಷದ ನಂತರ ಹೊರನಡೆಯುವ ಗಾಯಕರಿಂದ, ಒಪ್ಪಿಕೊಂಡೂ ಕೊಡದ ಆಲ್ಬಂಗಳಿಗೆ ಪರಿಹಾರ ಕೇಳುವ ಅವಕಾಶವನ್ನು 1987ರ ತಿದ್ದುಪಡಿಯು ಧ್ವನಿಮುದ್ರಣ ಕಂಪನಿಗಳಿಗಷ್ಟೇ ಕಲ್ಪಿಸಿತು. 2008ರಲ್ಲಿ ‘ಥರ್ಟಿ ಸೆಕೆಂಡ್ಸ್ ಟು ಮಾರ್ಸ್’ ಎಂಬ ರಾಕ್ ಸಂಗೀತ ತಂಡದ ಮೇಲೆ ಧ್ವನಿಮುದ್ರಣ ಕಂಪನಿ ಇಎಂಐ 3 ಕೋಟಿ ಡಾಲರ್ ದಾವೆ ಹೂಡಿದಾಗ ತಂಡವು ಆಶ್ರಯಿಸಿದ್ದು ಇದೇ ಏಳು ವರ್ಷದ ನಿಯಮವನ್ನು. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಡಿ ಹ್ಯಾವಿಲೆಂಡ್ ಅವರಿಗೆ ಆಗ 92 ವರ್ಷ.