ಸಾಲಕ್ಕಿಂತ ಮೊದಲಿನ ಆರು ತಿಂಗಳು

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ಕುಟುಂಬದ ಸಂಕಷ್ಟವು ಬೆಳೆ ಒಣಗುವ ಮೊದಲೇ, ಬೀಜ ಗೊಬ್ಬರಕ್ಕೆಂದು ಕೈಸಾಲ ತಂದ ದಿನವೇ ಆರಂಭವಾಗಿರುತ್ತದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ 36. ನೂರಕ್ಕೆ ಐದಾದರೆ ಶೇ 60. ಒಂದು ಮುಂಗಾರು ಕೈಕೊಟ್ಟರೆ ಕುರಿ ಮಾರಿ, ಮನೆಗೆ ಬೀಗ ಹಾಕಿ, ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗದೆ ಅವರಿಗೆ ಬೇರೆ ದಾರಿ ಉಳಿಯುವುದಿಲ್ಲ.

ಈ ಭಾಗದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟುವ ಕೆಲಸದಲ್ಲಿ ವರ್ಷಗಳನ್ನು ಕಳೆದಿರುವ ನನಗೆ, ಸ್ವಯಂಸೇವಾ ಸಂಸ್ಥೆಯ ನಿಜವಾದ ಪಾತ್ರ ಕಂಡಿರುವುದು ಬ್ಯಾಂಕ್ ಸಾಲ ಸಿಗುವುದಕ್ಕೆ ಮೊದಲು, ಸಂಘವು ತನ್ನ ಉಳಿತಾಯದಲ್ಲೇ ನಡೆಯುವ ಆರು ತಿಂಗಳಲ್ಲಿ. ಕೂಲಿಯಿಂದ ಬಂದು, ಅಡುಗೆ ಮುಗಿಸಿ, ರಾತ್ರಿ ಎಂಟರ ನಂತರ ಗುಡಿಯ ಕಟ್ಟೆಯ ಮೇಲೆ ಹದಿನೈದು ಮಂದಿ ಹೆಂಗಸರು ಸೇರುತ್ತಾರೆ. ತಗಡಿನ ಪೆಟ್ಟಿಗೆಯ ಬೀಗದ ಕೈ ಒಬ್ಬರ ಬಳಿ, ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ. ವಾರದ ಉಳಿತಾಯ ಎಣಿಸಿ, ಯಾರಿಗೆ ಆಸ್ಪತ್ರೆ ಖರ್ಚಿಗೆ ಕೊಡಬೇಕು, ಯಾರ ಕಂತು ಬಾಕಿಯಿದೆ ಎಂಬುದನ್ನು ಎಲ್ಲರೆದುರು ಮಾತನಾಡಿ, ನಡಾವಳಿ ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿಸುತ್ತಾರೆ. “ಏನ್ ಬರ್ದೀಯವ್ವ, ಇನ್ನೊಂದ್ ಸಲ ಓದು” ಎಂದು ಅಕ್ಷರ ಬಾರದ ಹಿರಿಯರೊಬ್ಬರು ಕೇಳುವ ದಿನ ಆ ಸಂಘಕ್ಕೆ ಜೀವ ಬಂದಿದೆಯೆಂದು ನಾನು ತಿಳಿಯುತ್ತೇನೆ.

ಈ ಪದ್ಧತಿ ರೂಪುಗೊಂಡದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾದ ಮೈರಾಡ ಸಂಸ್ಥೆಯು 1980ರ ದಶಕದಲ್ಲಿ, ಪರಸ್ಪರ ನಂಬಿಕೆಯುಳ್ಳ ಬಡವರ ಸಣ್ಣ ಗುಂಪುಗಳು ತಮ್ಮ ಹಣವನ್ನು ತಾವೇ ನಿರ್ವಹಿಸಬಲ್ಲವೆಂದು ತೋರಿಸಿತು. 1992ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೆತ್ತಿಕೊಂಡಿತು.

ಆ ಆರು ತಿಂಗಳನ್ನು ಬಿಟ್ಟು ಮುಂದಕ್ಕೆ ಹಾರಿದರೆ ಆಗುವ ನಷ್ಟವನ್ನು ನಾನೇ ಉಂಡಿದ್ದೇನೆ. ಹಿಂದೆ ನಾನಿದ್ದ ಸಂಸ್ಥೆಯೊಂದು ಮಾರ್ಚ್ ಒಳಗೆ ಅನುದಾನ ಮುಗಿಸಬೇಕೆಂಬ ಅವಸರದಲ್ಲಿ ಮಿಶ್ರತಳಿ ಹಸುಗಳನ್ನು ಹಂಚಿತು. ಮೇವು ಎಲ್ಲಿಂದ, ಹಾಲು ಹಾಕುವುದು ಯಾವ ಡೇರಿಗೆ ಎಂದು ಯಾರೂ ಕೇಳಲಿಲ್ಲ, ನಾನೂ ಒತ್ತಿ ಹೇಳಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಬಹುಪಾಲು ಹಸುಗಳು ಸಂತೆ ಸೇರಿದ್ದವು, ಸಾಲ ಮಾತ್ರ ಆ ಮನೆಗಳಲ್ಲೇ ಉಳಿಯಿತು.

ಭೂಮಿಯ ಕೆಲಸದಲ್ಲೂ ಇದೇ ಮಾತು. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆದಾಗ, ಬದು ಮತ್ತು ಕೃಷಿ ಹೊಂಡ ಎಲ್ಲಿ ಬರಬೇಕೆಂದು ರೈತರನ್ನು ಕೂರಿಸಿ ಮಾತನಾಡಿಸುವ ಹೊಣೆ ಸ್ವಯಂಸೇವಾ ಸಂಸ್ಥೆಗಳ ಮೇಲಿತ್ತು. ಹೊಲವಿದ್ದವನಿಗೆ ನೀರು ಸಿಗುತ್ತದೆ, ಹೊಲವೇ ಇಲ್ಲದವರಿಗೆ ಏನು ಎಂಬ ಪ್ರಶ್ನೆಯನ್ನು ಆ ಸಭೆಗಳಲ್ಲಿ ಎತ್ತುವುದೇ ಕಾರ್ಯಕರ್ತನ ಮುಖ್ಯ ಕೆಲಸವೆಂದು ನಾನು ನಂಬಿದ್ದೇನೆ.

ಇಂದು ಒಂದೇ ಮನೆಗೆ ಮೂರು ನಾಲ್ಕು ಮೈಕ್ರೋ ಫೈನಾನ್ಸ್ ಕಂಪನಿಗಳ ಕಂತು ಬರುತ್ತಿದೆ. ವಸೂಲಿಯ ಕಿರುಕುಳ ತಡೆಯಲು ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಸಾಲಕ್ಕೂ ಗುಂಪು ಇರುತ್ತದೆ, ಆದರೆ ಅದು ಕಂತು ಕಟ್ಟುವ ದಿನಕ್ಕಷ್ಟೇ ಸೇರುವ ಗುಂಪು. ಅದಕ್ಕೆ ತನ್ನದೇ ಪೆಟ್ಟಿಗೆಯಾಗಲಿ ನಡಾವಳಿ ಪುಸ್ತಕವಾಗಲಿ ಇಲ್ಲ. ಹಾಗಾಗಿ ಈಗ ಹೊಸ ಊರಿಗೆ ಹೋದರೆ ನಾನು ಮೊದಲು ಕೇಳುವುದು ಸಾಲದ ಲೆಕ್ಕವನ್ನಲ್ಲ, ಕಳೆದ ವಾರದ ನಡಾವಳಿಯನ್ನು ಯಾರು ಬರೆದರೆಂದು.